ಹುಳದ ಮನೆಯ ಜಪಾನಪ್ಪ

"ಹುಳ ಹಣ್ಣಾಗ್ಬುಟ್ಟವೆ ಕಣ್ಲಾ, ನಟರಾಜು!"

ಹುಳದ ಮನೆಯ ಬಲೆಪರದೆ ಹೊಡೆದ ಕಿಟಕಿಗೆ ಮುಖ ಒತ್ತಿಕೊಂಡು ಮುನಿಯಮ್ಮ ಕೂಗಿದಳು. ಅಕ್ಕ ಗಂಗಲಕ್ಷ್ಮಮ್ಮನ ಹೆಣಕ್ಕೆ ಆಗಷ್ಟೇ ನೀರು ಹುಯ್ದು ಬಂದಿದ್ದಳು. ಸೆರಗು ಇನ್ನೂ ತೊಟ್ಟಿಕ್ಕುತ್ತಿತ್ತು. ಒಳಗೆ ತಟ್ಟೆಗಳ ತುಂಬ ರೇಷ್ಮೆಹುಳಗಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಯಾರನ್ನೋ ಹುಡುಕುವಂತೆ ಗಾಳಿಯಲ್ಲಿ ಆಡಿಸುತ್ತಿದ್ದವು. ಮೈ ಜೇನಿನಂತೆ ಹೊಳೆಯುತ್ತಿತ್ತು.

ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಗಂಗಲಕ್ಷ್ಮಮ್ಮನ ಮಗ ನಟರಾಜು ಕೈ ನಿಲ್ಲಿಸಿದ. "ಇವತ್ತೇ ಆಗ್ಬೇಕಿತ್ತಾ ಚಿಕ್ಕವ್ವ?"

"ನಿಮ್ಮವ್ವನ್ನ ಕೇಳು. ಅವಳೇ ಮೇಯ್ಸಿದ್ದು."

ಹಣ್ಣಾದ ಹುಳವನ್ನು ಆಯ್ದು ಚಂದ್ರಿಕೆಗೆ ಬಿಡಬೇಕು; ಬಿದಿರಿನ ಆ ತಟ್ಟಿಯ ಸುರುಳಿಯೊಳಗೆ ಅದು ಗೂಡು ಕಟ್ಟುತ್ತದೆ. ತಡವಾದರೆ ಕಂಡಲ್ಲಿ ನೂಲು ಕಕ್ಕಿ ಹಾಳಾಗುತ್ತದೆ. ಆದರೆ ಕೈಲಾಂಚದ ಆ ಬೀದಿಯಲ್ಲಿ ಸತ್ತವರ ಮುಖ ಕಂಡವರು ಅಂದು ಹುಳದ ಮನೆಯ ಹೊಸಿಲು ತುಳಿಯುವುದಿಲ್ಲ. ಹುಳವೆಂದರೆ ದೇವರು. ಗಂಗಲಕ್ಷ್ಮಮ್ಮನ ಮುಖ ನೋಡದವರು ಬೀದಿಯಲ್ಲಿ ಯಾರೂ ಉಳಿದಿರಲಿಲ್ಲ.

"ಹೋದ್ರೆ ಹೋಗ್ಲಿ ಬುಡು, ಒಂದು ಬೆಳೆ ತಾನೆ," ಎಂದ ನಟರಾಜುವಿನ ದೊಡ್ಡಪ್ಪ ರಾಮಲಿಂಗಯ್ಯ.

"ಸಾಯೋ ಗಳಿಗೇಲೂ ಹುಳಕ್ಕೆ ಸೊಪ್ಪು ಹಾಕಿದ್ರಾ ಅಂದ್ಲು ಬಾವ ಅವಳು." ಮುನಿಯಮ್ಮ ಕಿಟಕಿ ಬಿಟ್ಟು ಕದಲಲಿಲ್ಲ.

ಆಗ ಬೀದಿಗೆ ಬಿಳಿ ಕಾರೊಂದು ಬಂತು. ಬಿಡದಿಯ ಕಾರ್ಖಾನೆಯದು, ದಿನವೂ ನಟರಾಜು ಓಡಿಸುವ ಕಾರು, ಇಂದು ಬೇರೊಬ್ಬ ಡ್ರೈವರು. ಇಳಿದವರು ಕಾರ್ಖಾನೆಯ ಎಂಜಿನಿಯರು ಹಿರಾಬಯಾಶಿ. ಊರವರ ಬಾಯಲ್ಲಿ ಜಪಾನಪ್ಪ. ಕೈಯಲ್ಲಿ ಬಿಳಿ ಸೇವಂತಿಗೆಯ ಹಾರವಿತ್ತು.

*

ಹಿಂದಿನ ವರ್ಷ, ಹಿರಾಬಯಾಶಿಯವರಿಗೆ ಕೆಂಗಲ್ ಆಂಜನೇಯನ ದರ್ಶನ ಮಾಡಿಸಿ ಬರುವಾಗ ನಟರಾಜು ಅವ್ವನಿಗೆ ಮಾತ್ರೆ ಕೊಡಲೆಂದು ಮನೆಯ ಮುಂದೆ ಕಾರು ನಿಲ್ಲಿಸಿದ್ದ. ಹುಳಗಳು ಪೊರೆ ಕಳಚುವ ಕೊನೆಯ ಜ್ವರದಿಂದೆದ್ದು ಸೊಪ್ಪು ಮೇಯುತ್ತಿದ್ದವು; ಜಿಟಿಜಿಟಿ ಮಳೆಯ ಸದ್ದು. ಕಾರಿನೊಳಗಿದ್ದವರು ಯಾರೋ ಕರೆದರೆಂಬಂತೆ ಇಳಿದು ಬಂದು, ಬೂಟು ಕಳಚಿ, ಹೊಸಿಲಿನ ಮುಂದೆ ತಲೆ ಬಾಗಿಸಿ ನಿಂತರು.

"ಯಾಕ್ಲಾ ಅಳ್ತಾವ್ರೆ ಇವ್ರು?" ಗಂಗಲಕ್ಷ್ಮಮ್ಮ ಗಾಬರಿಯಾದಳು.

ಅವರು ತಡವರಿಸಿ ಹೇಳಿದ್ದನ್ನು ನಟರಾಜು ತಿಳಿಸಿದ. "ಇವ್ರ ಬೆಟ್ಟದೂರಲ್ಲೂ ಅಜ್ಜಿ ಹುಳ ಮೇಯಿಸ್ತಿದ್ರಂತೆ ಕಣವ್ವ. ಅಟ್ಟದ ಮೇಲೆ ಹುಳ, ಕೆಳಗೆ ಇವ್ರು ಮಲಗ್ತಿದ್ರಂತೆ. ಹುಳನ ಅಲ್ಲೂ ಮರ್ಯಾದೆ ಕೊಟ್ಟೇ ಕರೀತಾರಂತೆ. ಅಜ್ಜಿ ಸತ್ತಾಗ ಇವ್ರು ಬಿಡದೀಲಿದ್ರು. ಮುಖ ಸಿಗ್ಲಿಲ್ವಂತೆ."

ಗಂಗಲಕ್ಷ್ಮಮ್ಮ ಒಂದು ತೆಕ್ಕೆ ಸೊಪ್ಪು ಅವರ ತೋಳಿಗೆ ಹಾಕಿದಳು. "ಹಿಡಿಯಪ್ಪ. ನಿಂತ್ಕೊಂಡು ಅತ್ರೆ ಇವ್ರಿಗೆ ಹೊಟ್ಟೆ ತುಂಬ್ತದಾ?" ಎಂದು ಹುಳಗಳ ಕಡೆ ಕೈ ತೋರಿದಳು.

ಅಂದಿನಿಂದ ಭಾನುವಾರ ಬಂದರೆ ಅವರು ಅವಳ ಪಕ್ಕ ನಿಂತು ಹುಳದ ಕೆಲಸ ಮಾಡುತ್ತಿದ್ದರು.

*

"ತಡೀಲಾ ಅವ್ರನ್ನ!" ಹಾರ ಹಿಡಿದು ಜಗುಲಿಯತ್ತ ನಡೆದ ಹಿರಾಬಯಾಶಿಗೆ ಮುನಿಯಮ್ಮ ಓಡಿ ಅಡ್ಡ ನಿಂತಳು. "ಅವ್ರಿನ್ನೂ ಮುಖ ನೋಡಿಲ್ಲ!"

"ಮಿಂದವ್ರೋ ಇಲ್ವೋ..." ರಾಮಲಿಂಗಯ್ಯ ಗೊಣಗಿದ.

"ನೀನು ಮಿಂದಿದ್ದೀಯಾ ಬಾವ? ಯುಗಾದಿಗೆ ಮಿಂದೋನು!"

ಅಳುತ್ತಿದ್ದ ಹೆಂಗಸರಲ್ಲಿ ಒಬ್ಬಿಬ್ಬರು ನಕ್ಕು ಸೆರಗು ಬಾಯಿಗಿಟ್ಟುಕೊಂಡರು.

ನಟರಾಜು ಹತ್ತಿರ ಹೋದ. "ಸಾರ್, ಹುಳ ಹಣ್ಣಾಗವೆ. ನಾವ್ಯಾರೂ ಮುಟ್ಟಂಗಿಲ್ಲ. ಅವ್ವನ ಮುಖ ನೋಡಿದ್ರೆ ನೀವೂ ಮುಟ್ಟಂಗಿಲ್ಲ." ಜಗುಲಿಯತ್ತ ಒಮ್ಮೆ ತಿರುಗಿ ನೋಡಿದ. "ಬೇಡ ಸಾರ್. ನೀವು ಮುಖ ನೋಡಿ."

"ಅಮ್ಮ... ಸಂಜೆ ತನಕ ಇರ್ತಾರಾ?"

"ಇಲ್ಲ ಸಾರ್. ಇನ್ನೇನು ಎತ್ತುತೀವಿ."

ಜಗುಲಿಯ ಮೇಲೆ ಜನರ ಬೆನ್ನುಗಳ ನಡುವೆ ಸೀರೆಯ ಅಂಚಷ್ಟೇ ಕಾಣುತ್ತಿತ್ತು. ಒಂದು ಹೆಜ್ಜೆ ಇಟ್ಟರೆ ಮುಖ. ಅವರು ಆ ಅಂಚನ್ನೇ ನೋಡುತ್ತ ನಿಂತರು. ನಂತರ ಕಣ್ಣು ಕೆಳಗಿಳಿಸಿ, ಹಾರವನ್ನು ನಟರಾಜುವಿನ ಕೈಗಿತ್ತು, ನಲ್ಲಿಯಲ್ಲಿ ಕೈಕಾಲು ತೊಳೆದು ಹುಳದ ಮನೆಯೊಳಗೆ ಹೋದರು.

ತಮಟೆ ಶುರುವಾಯಿತು. ಒಳಗೆ ಅವರು ಹಣ್ಣಾದ ಹುಳಗಳನ್ನು ಇನ್ನೂ ಕಾಯಿಯಾಗಿದ್ದವುಗಳಿಂದ ಬೇರೆ ಮಾಡುತ್ತ, ಒಂದೊಂದಾಗಿ ಆಯ್ದು ಚಂದ್ರಿಕೆಗೆ ಬಿಡುತ್ತಿದ್ದರು. ನಡುನಡುವೆ, ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗ ಬೇಕೆಂಬಂತೆ ಕೊಂಚ ಸರಿದು ನಿಲ್ಲುತ್ತಿದ್ದರು. ಅಕ್ಕ ನಿಲ್ಲುತ್ತಿದ್ದದ್ದು ಆ ಜಾಗದಲ್ಲೇ ಎಂದು ಕಿಟಕಿಯಲ್ಲಿದ್ದ ಮುನಿಯಮ್ಮನಿಗೆ ಹೊಳೆಯಿತು.

ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಗುಂಡಿ ತೋಡಿದ್ದರು. ದಾರಿ ಹುಳದ ಮನೆಯ ಪಕ್ಕದಲ್ಲೇ. ಕಿಟಕಿಯ ಬಳಿ ನಟರಾಜು ನಿಂತ. ಅವನೊಂದಿಗೆ ಚಟ್ಟವೂ ನಿಂತಿತು. ತಮಟೆ ತಾನಾಗಿ ಸುಮ್ಮನಾಯಿತು. ಮುಖ ಆಕಾಶಕ್ಕೆ ತೆರೆದಿತ್ತು. ನಡುವೆ ಇದ್ದದ್ದು ಪರದೆಯೊಂದೇ.

ಒಳಗೆ ಇನ್ನೂ ಎರಡು ತಟ್ಟೆಗಳು ಬಾಕಿ ಇದ್ದವು. ಹಿರಾಬಯಾಶಿ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದರು. ತುಟಿಗಳು ಅಲುಗುತ್ತಿದ್ದವು.

ಚಟ್ಟ ಮುಂದೆ ಸಾಗಿತು. ತಮಟೆಯ ಸದ್ದು ತೋಟದೊಳಗೆ ಇಳಿದು ದೂರವಾಯಿತು. ಅವರು ಕಣ್ಣು ತೆರೆದಿರಲಿಲ್ಲ. ಅಂಗೈಯಲ್ಲಿ ಉಳಿದಿದ್ದ ಹುಳ ಕಾಯಲಾರದೆ, ಅವರ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಎಳೆ ಹಾಕಿ, ತಲೆ ಹೊರಳಿಸಿ, ಇನ್ನೊಂದು ಎಳೆ ಹಾಕುತ್ತಿತ್ತು.