ಹೊಳೆವ್ವನ ಪಾಲಿನ ಡಿಸ್ಕ್

ಜಯಾ ಫೋಟೋ ಅಂಗಡಿಯ ಮೇಜಿನ ಕೆಳಗೆ ಬಗ್ಗಿ ಎರಡನೆಯ ಹಾರ್ಡ್ ಡಿಸ್ಕಿನ ವಾಯರನ್ನು ಕಿತ್ತು ಮತ್ತೆ ಒತ್ತಿದಳು. ಕಂಪ್ಯೂಟರ್ ಸಿ ಡ್ರೈವ್ ತೋರಿಸಿತು, ಡಿ ತೋರಿಸಿತು, ಇ ತೋರಿಸಿತು, ಮುಂದೆ ಸುಮ್ಮನಾಯಿತು.

ಅಂಗಡಿಯ ಹಿಂದಿನ ಮನೆಯಲ್ಲಿ, ನಿನ್ನೆ ಸಂಜೆ ತೀರಿಕೊಂಡ ಫೋಟೋಗ್ರಾಫರ್ ಗುರುಶಿದ್ದಪ್ಪನನ್ನು ವಿಭೂತಿ ಹಚ್ಚಿ ಕುಳ್ಳಿರಿಸಿದ್ದರು. ಹನ್ನೆರಡಕ್ಕೆ ಮೆರವಣಿಗೆ, ಟ್ರ್ಯಾಕ್ಟರಿನ ಮುಂದೆ ಕಟ್ಟಲು ಫ್ಲೆಕ್ಸ್ ಬೇಕಿತ್ತು. ಮೂವತ್ತು ವರ್ಷ ಬೆಂಗೇರಿಯ ಮದುವೆ, ಸೀಮಂತ, ಸಾವುಗಳನ್ನೆಲ್ಲ ತೆಗೆದವನ ಒಂದು ಒಳ್ಳೆಯ ಫೋಟೋ ಯಾರ ಬಳಿಯೂ ಇರಲಿಲ್ಲ.

"ಲೈಸೆನ್ಸಿನ ಮ್ಯಾಗಿಂದು ಹಾಕೂಣೇನ್ರಿ?" ಎಂದ ಫ್ಲೆಕ್ಸ್ ಅಂಗಡಿಯ ಅಬ್ದುಲಮಜೀದ.

"ಬ್ಯಾಡಪಾ. ಅದರಾಗ ಕಳ್ಳ ಕಂಡಂಗ ಕಾಣತಾರ," ಎಂದಳು ಹೆಂಡತಿ ಹೊಳೆವ್ವ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಜಯಾ, ಆ ಡಿಸ್ಕೂ ಸತ್ತೈತೇನು?"

"ಸತ್ತಿಲ್ರಿ ಕಾಕು. ಹೋದ ವಾರ ರಿಪೇರಿ ಮಾಡಿದಾಂವ, ಸಿ, ಡಿ ಇದ್ದಂಗ ಇದಕ್ಕಿದ್ದ ಅಕ್ಷರ ಅಳಿಸ್ಯಾನ. ಅಕ್ಷರ ಇಲ್ಲಂದ್ರ ಒಳಗಿದ್ರೂ ಕಾಣಂಗಿಲ್ಲ."

"ಮನಿ ಐತಿ, ನಂಬರ ಇಲ್ಲ ಅನ್ರಿ," ಎಂದ ಮಜೀದ.

*

ಆರು ವರ್ಷದ ಹಿಂದೆ ಆ ಡಿಸ್ಕ್ ಕೂಡಿಸಿದ ದಿನ, ಅಂಗಡಿಯಲ್ಲಿ ಆಲ್ಬಮ್ ಮಾಡುವ ಜಯಾ ಪಕ್ಕದಲ್ಲೇ ಇದ್ದಳು. ಯಾವ ಅಕ್ಷರ ಬೇಕೆಂದು ಕೇಳಿದ ಕಂಪ್ಯೂಟರ್, ತಾನೇ ಎಫ್ ತೋರಿಸಿತು.

"ಎಫ್ ಬ್ಯಾಡ. ಎಸ್ಸೆಸ್ಸೆಲ್ಸಿಯೊಳಗ ಮೂರು ಸಲ ನೋಡೇನಿ ಅದನ್ನ. ಜಿ ಹಾಕು, ನನ್ನ ಹೆಸರಿಂದು," ಎಂದಿದ್ದ ಗುರುಶಿದ್ದಪ್ಪ.

ಚಹಾ ತಂದ ಹೊಳೆವ್ವ ನಿಂತಳು. "ನನ್ನ ಹೆಸರಿಂದು?"

ಕೊನೆಗೆ ಹೊಲ ಪಾಲು ಮಾಡಿದಂತೆ ಡಿಸ್ಕನ್ನು ಸಮ ಎರಡು ಮಾಡಿ ಜಿ, ಎಚ್ ಎಂದು ಕೊಡಬೇಕಾಯಿತು. ಹೊಳೆವ್ವ ಒಂದು ದಿನವೂ ಮೌಸ್ ಮುಟ್ಟಲಿಲ್ಲ. ಆದರೆ ಓಣಿಯ ತುಂಬ, "ಅಂಗಡ್ಯಾಗ ಐದನೂರು ಜಿಬಿ ನನ್ನ ಹೆಸರಲೆ ಐತಿ," ಎಂದು ಹೇಳಿಕೊಂಡು ಬಂದಳು.

*

ಜಯಾ ಈಗ ಮೊದಲ ಪಾಲಿಗೆ ಮತ್ತೆ ಜಿ ಕೊಟ್ಟಳು. ಊರಿನ ಮದುವೆಗಳೆಲ್ಲ ಸಾಲಾಗಿ ಬಂದವು. ಗುರುಶಿದ್ದಪ್ಪ ಮಾತ್ರ ಎಲ್ಲೂ ಇಲ್ಲ. ಒಂದರಲ್ಲಿ ಕನ್ನಡಿಯೊಳಗೆ ಅವನ ಮೊಣಕೈ ಸಿಕ್ಕಿತು.

"ಲಗೂ ನೋಡ್ರಿ. ಪ್ರಿಂಟಿಗೆ ಅರ್ಧಾ ತಾಸ ಬೇಕು," ಎಂದ ಮಜೀದ.

"ನನ್ನ ಪಾಲು ತಗಿ," ಎಂದಳು ಹೊಳೆವ್ವ.

"ಅದು ಖಾಲಿ ಇರತೈತ್ರಿ ಕಾಕು."

"ತಗಿ ನೀ."

ಜಯಾ ಎಚ್ ಕೊಟ್ಟಳು. ಒಳಗೆ ಇನ್ನೂರ ಹನ್ನೊಂದು ಫೋಟೋಗಳಿದ್ದವು. ಬೆಳಕು ಸರಿಯಾಗಿದೆಯೇ ನೋಡಲು ಗುರುಶಿದ್ದಪ್ಪ ತಾನೇ ಸ್ಟೂಲಿನ ಮೇಲೆ ಕುಳಿತು ತೆಗೆದುಕೊಂಡವು. ಅಳಿಸಲು ಮನಸ್ಸಾಗದೆ ಹೆಂಡತಿಯ ಪಾಲಿಗೆ ಹಾಕಿದ್ದ. ನೋಡಿದವುಗಳಲ್ಲೆಲ್ಲ ಫ್ಲ್ಯಾಶಿಗೆ ಕಣ್ಣು ಮುಚ್ಚಿದ್ದ.

"ಈಗೂ ಹಂಗ ಕುಂತಾರ," ಎಂದ ಮಜೀದ ಆಮೇಲೆ ನಾಲಿಗೆ ಕಚ್ಚಿಕೊಂಡ.

ಹೊಳೆವ್ವ ನಕ್ಕುಬಿಟ್ಟಳು. ನಗು ತಡೆಯಲಾರದೆ ಜಯಾಳ ಭುಜ ಹಿಡಿದಳು. ಜಯಾ ಅಲುಗದೆ ಕುಳಿತು ಒಂದೊಂದೇ ಫೋಟೋ ಸರಿಸಿದಳು. ನೂರರವತ್ತನೆಯದರಲ್ಲಿ ಎಡಗಣ್ಣು ತುಸು ತೆರೆದಿತ್ತು.

"ಇದನ್ನ ಹಾಕ್ರಿ," ಎಂದಳು ಹೊಳೆವ್ವ. "ಇದರಾಗ ನೋಡಾಕತ್ತಾರ."

ಹನ್ನೆರಡೂವರೆಗೆ ಟ್ರ್ಯಾಕ್ಟರ್ ಹೊರಟಿತು. ಮುಂದೆ ಕಟ್ಟಿದ ಫ್ಲೆಕ್ಸಿನಲ್ಲಿ ಒಂದು ಕಣ್ಣಿನ ಗುರುಶಿದ್ದಪ್ಪ ಓಣಿ ಹಿಡಿದು ಬರುತ್ತಿದ್ದಂತೆ, ಎರಡೂ ಬದಿಯ ಜನ ಕೊರಳಪಟ್ಟಿ ಸರಿಮಾಡಿಕೊಂಡರು, ಹೆರಳು ಮುಂದಕ್ಕೆ ಹಾಕಿಕೊಂಡರು, ಗದ್ದ ಎತ್ತಿ, ಕಣ್ಣು ಮಿಟುಕಿಸದೆ ನಿಂತರು.