ನೆರೆಯವಳಿಗೆ ಒಂದು ಪಾವು ಅಕ್ಕಿ

ಕನ್ಯಾನದ ಗುಡ್ಡದ ಮೇಲೆ ಹುಟ್ಟಿ ಬೆಳೆದ ಮುರ್ಶಿದಾಳಿಗೆ ಮಳೆ ಗೊತ್ತಿತ್ತು, ನೆರೆ ಗೊತ್ತಿರಲಿಲ್ಲ. ಬಂಟ್ವಾಳ ಪೇಟೆಯಲ್ಲಿ ನೇತ್ರಾವತಿಯ ಬದಿಯ ಮನೆಗೆ ಅವಳು ಸೊಸೆಯಾಗಿ ಬಂದ ವರ್ಷ, ಮೇ ತಿಂಗಳು ಮುಗಿಯುವ ಮುಂಚೆಯೇ ಅತ್ತೆ ಜೈನಬಮ್ಮ ಉಪ್ಪರಿಗೆಯ ಕೋಣೆಯನ್ನು ತುಂಬಿಸತೊಡಗಿದರು. ಕುಚ್ಚಲಕ್ಕಿಯ ಮೂಟೆ, ಒಣಮೀನು, ಅವಲಕ್ಕಿ, ಬೆಲ್ಲ, ಬೇಯಿಸಿ ಒಣಗಿಸಿದ ಹಲಸಿನ ಬೀಜ, ಕುಡಿಯುವ ನೀರಿನ ಕ್ಯಾನುಗಳು, ಸಣ್ಣ ಗ್ಯಾಸ್ ಒಲೆ, ಮೇಣದಬತ್ತಿ, ಜ್ವರದ ಮಾತ್ರೆ. ಇದೆಲ್ಲ ಸರಿಯೇ. ಆದರೆ ಮೂಲೆಯಲ್ಲಿ ಬೇರೆಯೇ ಒಂದು ಬುಟ್ಟಿ ಇತ್ತು. ಅದರಲ್ಲಿ ಬಟ್ಟೆಯಲ್ಲಿ ಕಟ್ಟಿದ ಅಕ್ಕಿಯ ಗಂಟು, ಉಪ್ಪಿನ ಪೊಟ್ಟಣ, ಹೊಗೆಸೊಪ್ಪು.

"ಮಾಮಿ, ಹೊಗೆಸೊಪ್ಪು ತಿನ್ನುವವರು ಇಲ್ಲಿ ಯಾರಿದ್ದಾರೆ?"

"ಕೇಳಿಕೊಂಡು ಬರುವವರು ಉಂಟು," ಎಂದರು ಜೈನಬಮ್ಮ.

ಗಂಡ ಇಮ್ತಿಯಾಝ್‌ನನ್ನು ಕೇಳಿದಾಗ ಅವನು ದನಿ ತಗ್ಗಿಸಿದ. "ಹಿತ್ತಲಿನ ಆಚೆ ಪೂವಮ್ಮ ಅಂತ ಇದ್ದರು. ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಮಾರುತ್ತಿದ್ದರು. ಉಮ್ಮನ ಜೀವದ ಗೆಳತಿ. ಹಿಂದೊಮ್ಮೆ ದೊಡ್ಡ ನೆರೆ ಬಂತು, ಮನೆ ಸಮೇತ ಹೋದರು. ದೇಹವೂ ಸಿಗಲಿಲ್ಲ. ಆವತ್ತಿನಿಂದ ಉಮ್ಮ ಹೀಗೆ. ನೀನು ಅದನ್ನೆಲ್ಲ ಕೆದಕಲಿಕ್ಕೆ ಹೋಗಬೇಡ."

ಆಟಿ ತಿಂಗಳ ಎಡೆಬಿಡದ ಮಳೆಯಲ್ಲಿ ಒಂದು ಬೆಳಿಗ್ಗೆ, ಬಿ.ಸಿ. ರೋಡಿನ ತನ್ನ ಚಪ್ಪಲಿ ಅಂಗಡಿಯ ಸಾಮಾನು ಮೇಲೆತ್ತಿಡಲು ಇಮ್ತಿಯಾಝ್ ಹೋದ. ಅವನು ವಾಪಸು ಹೊರಡುವಷ್ಟರಲ್ಲಿ ರಸ್ತೆಯ ಮೇಲೆ ಹೊಳೆ ಹರಿಯುತ್ತಿತ್ತು. "ಮೇಲೆ ಹತ್ತಿ ಕೂತುಕೊಳ್ಳಿ. ದೋಣಿಯವರಿಗೆ ಹೇಳಿದ್ದೇನೆ," ಎಂದು ಫೋನಿನಲ್ಲಿ ಕೂಗಿ ಹೇಳಿದ. ಆಮೇಲೆ ಫೋನೂ ಸತ್ತಿತು.

ಮಧ್ಯಾಹ್ನಕ್ಕೆ ಮಳೆ ನಿಂತಿತು. ಕಾಗೆಯ ಕೂಗೂ ಇಲ್ಲದ ಮೌನ. ಕೆಳಗಿನ ಕೋಣೆಗಳೆಲ್ಲ ಮುಳುಗಿ, ಕೆಂಪು ನೀರು ಏಣಿಮೆಟ್ಟಿಲಿನ ಮುಕ್ಕಾಲು ಭಾಗದವರೆಗೆ ಬಂದು ಅಲುಗಾಡದೆ ನಿಂತಿತ್ತು. ಆಗ ಅಡುಗೆಮನೆಯ ಹಿಂಬಾಗಿಲಿನ ಚಿಲಕ ಟಕಟಕ ಸದ್ದು ಮಾಡಿತು. ಆ ಬಾಗಿಲು ಪೂರ್ತಿ ನೀರಿನೊಳಗಿತ್ತು.

"ಜೈನಬಮ್ಮಾ... ಒಂದು ಪಾವು ಅಕ್ಕಿ ಉಂಟಾ?"

ಮುರ್ಶಿದಾ ಗೋಡೆಗೆ ಒತ್ತಿ ನಿಂತಳು. ಜೈನಬಮ್ಮನ ಮುಖ ಮಾತ್ರ, ಬಹಳ ದಿನದಿಂದ ಕಾದಿದ್ದ ನೆಂಟರು ಬಂದಂತೆ ಅರಳಿತು. "ಉಂಟು ಪೂವಮ್ಮಾ. ನಿಲ್ಲು, ತರ್ತೇನೆ." ಬುಟ್ಟಿಯಿಂದ ಗಂಟೊಂದನ್ನು ತೆಗೆದು, ನೀರಿಗಿಂತ ಸ್ವಲ್ಪವೇ ಮೇಲಿದ್ದ ಒಣ ಮೆಟ್ಟಿಲಿನ ಮೇಲೆ ಇಟ್ಟರು. ನೀರು ಸದ್ದಿಲ್ಲದೆ ಮೇಲೇರಿತು. ಗಂಟು ತೇಲಲಿಲ್ಲ, ಉರುಳಲೂ ಇಲ್ಲ. ಯಾರೋ ಕೈಚಾಚಿ ಜಾಗ್ರತೆಯಿಂದ ತೆಗೆದುಕೊಂಡಂತೆ ಒಳಗೆ ಹೋಯಿತು.

"ಚೂರು ಉಪ್ಪು?"

ಉಪ್ಪೂ ಹೋಯಿತು. ಹೊಗೆಸೊಪ್ಪೂ ಹೋಯಿತು. ಕೊಟ್ಟ ಹಾಗೆಲ್ಲ ನೀರು ಒಂದೊಂದೇ ಮೆಟ್ಟಿಲು ಹತ್ತಿ ಬರುತ್ತಿತ್ತು. ಬುಟ್ಟಿ ಬರಿದಾಯಿತು.

"ಹೊರೆ ಭಾರವಾಯ್ತು, ಜೈನಬಮ್ಮಾ. ಹೊರಲಿಕ್ಕೆ ಒಬ್ಬರು ಬೇಕಿತ್ತು. ಮುರ್ಶಿದಾಳನ್ನು ಕಳಿಸಿಕೊಡು."

ವಿಚಿತ್ರವೆಂದರೆ, ಆಗ ಮುರ್ಶಿದಾಳಿಗೆ ಹೆದರಿಕೆಯೇ ಆಗಲಿಲ್ಲ. ತವರಿನ ಹಿರಿಯರು ಯಾರೋ ಕರೆದಂತಿತ್ತು ಆ ದನಿ. ಹಿತ್ತಲಿನ ಬೇಲಿಯವರೆಗೆ ಹೊತ್ತು ಕೊಟ್ಟು ಬಂದರಾಯಿತು, ಅದಕ್ಕೇನು ಎನಿಸಿತು. ಕಾಲಿಗೆ ತಣ್ಣಗಾದಾಗಲೇ ನೋಡಿಕೊಂಡದ್ದು. ಅವಳು ಮೊಣಕಾಲಿನವರೆಗೆ ನೀರಿನಲ್ಲಿ ಇಳಿದಿದ್ದಳು.

ಜೈನಬಮ್ಮ ಅವಳ ರಟ್ಟೆ ಹಿಡಿದು ಎಳೆದರು. ಅಷ್ಟು ಬಲ ಆ ಮುದಿ ಕೈಯಲ್ಲಿ ಎಲ್ಲಿತ್ತೋ.

"ಸಾಮಾನು ಎಷ್ಟು ಬೇಕಾದರೂ ಕೇಳು, ಮೂಟೆಯೇ ಕೊಡ್ತೇನೆ. ಇವಳನ್ನು ಕೊಡುವುದಿಲ್ಲ, ಪೂವಮ್ಮಾ. ಇವಳು ನನ್ನ ಮಗಳು."

ಆಮೇಲೆ ಕೇಳಿದ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನೀನು ನನಗೆ ಇಲ್ಲ ಅಂದದ್ದು ಇದೇ ಮೊದಲು."

"ಹೌದು," ಎಂದರು ಜೈನಬಮ್ಮ. ಅವರ ಗಲ್ಲದ ಮೇಲೆ ನೀರಿಳಿಯುತ್ತಿತ್ತು. "ಇನ್ನು ಬರಬೇಡ."

ಚಿಲಕ ಒಮ್ಮೆ ಅಲುಗಿತು. ನೀರು ಅಲ್ಲಿಂದ ಮೇಲೆ ಏರಲಿಲ್ಲ.

ಸಂಜೆಗೆ ದೋಣಿಯಲ್ಲಿ ಬಂದ ಇಮ್ತಿಯಾಝ್ ಎಲ್ಲವನ್ನೂ ಕೇಳಿ ನಗಲು ನೋಡಿದ. "ನೀರು ಮನೆಯೊಳಗೆ ಹೊಕ್ಕರೆ ಎಂತೆಂಥ ಸದ್ದೆಲ್ಲ ಬರ್ತದೆ, ಮಾರಾಯ್ತಿ."

"ನೀರಿಗೆ ನನ್ನ ಹೆಸರು ಹೇಗೆ ಗೊತ್ತಾಯ್ತು?"

ಆ ತಿಂಗಳೇ ಅವನು ಬಿ.ಸಿ. ರೋಡಿನ ಎತ್ತರದಲ್ಲಿ ಬಾಡಿಗೆ ಮನೆ ಹುಡುಕಿದ.

ಹೊಸ ಮನೆಯಲ್ಲಿ ಮರುವರ್ಷ ಜೈನಬಮ್ಮ ಏನನ್ನೂ ಕೂಡಿಡಲಿಲ್ಲ. ಮುರ್ಶಿದಾಳೇ ಹೆದರಿ ಅಕ್ಕಿ, ಬೇಳೆ, ಮೇಣದಬತ್ತಿ ತರಿಸಿ ಕಪಾಟು ತುಂಬಿಸಿದಳು. ಅವರು ಅದರತ್ತ ಕಣ್ಣೆತ್ತಿಯೂ ನೋಡಲಿಲ್ಲ. ಜಡಿಮಳೆ ಹಿಡಿದ ದಿನ ಮಾತ್ರ ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಹೊಳೆಯ ದಿಕ್ಕಿನ ಕಿಟಕಿಯ ಬಳಿ ಕೂತೇ ಇರುತ್ತಿದ್ದರು.

"ನೀನು ಉಣ್ಣು, ಮೋಳೇ," ಎನ್ನುತ್ತಿದ್ದರು. "ಅವಳು ಯಾರ ಮನೆ ಬಾಗಿಲಿಗೆ ಹೋದಳೋ ಏನೋ."