ಟಾರ್ಪಾಲಿನ ಮೇಲೆ ಇಟ್ಟದ್ದು

ಗಾಡಿಮನೆಯ ಹಿಂದಿನ ಗಾಲಿಗಳ ಅಚ್ಚಿನ ಮೇಲೆ ಐನೂರ ಅರವತ್ತು ಪೌಂಡು ಜಾಸ್ತಿ. ಲಾರಿ ತೂಗುವ ವೇಬ್ರಿಡ್ಜಿನವನು ಕೊಟ್ಟ ಚೀಟಿಯನ್ನು ವರ್ಲಾ ಮೂರು ಸಲ ಓದಿದಳು. ಓದಿದ ಮಾತ್ರಕ್ಕೆ ತೂಕ ಇಳಿಯುತ್ತದೆಯೇ? ಮೊದಲು ವೇಬ್ರಿಡ್ಜನ್ನು ಬೈದಳು, ಆಮೇಲೆ ಆ ಗಾಡಿಮನೆಯನ್ನು ಕಟ್ಟಿದವರನ್ನು ಬೈದಳು, ಕೊನೆಗೆ ಬೈಯುವುದಕ್ಕೆ ಯಾರೂ ಉಳಿಯದೆ ಸುಮ್ಮನಾದಳು.

ಅವಳ ಹೆದರಿಕೆ ಸುಮ್ಮನೆ ಹುಟ್ಟಿದ್ದಲ್ಲ. ಹೋದ ಅಕ್ಟೋಬರಿನಲ್ಲಿ ಇದಕ್ಕಿಂತ ಕಡಿಮೆ ಭಾರಕ್ಕೇ ಹಿಂದಿನ ಟೈರು ಸಿಡಿದು, ಹರಿದ ರಬ್ಬರು ಅಡಿಯಿಂದ ಬಡಿದ ಬಡಿತಕ್ಕೆ ಬಚ್ಚಲಿನ ನೆಲವೇ ಕಿತ್ತುಬಂದಿತ್ತು. ಆಗ ಗಂಡ ಡೆಲ್ಮರ್‌ನ ಉಸಿರು ಇನ್ನೂ ಗಟ್ಟಿಯಿತ್ತು. ರಸ್ತೆಯ ಪಕ್ಕದಲ್ಲಿ ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿಕೊಂಡು, ಅರ್ಧ ದಿನದಲ್ಲಿ ಎಲ್ಲವನ್ನೂ ಸರಿಮಾಡಿ ಎದ್ದಿದ್ದ. ಈಗ ಬೂಟಿನ ಲೇಸು ಕಟ್ಟುವಷ್ಟರಲ್ಲಿ ಅವನ ತುಟಿ ನೀಲಿಯಾಗುತ್ತದೆ. ಮಲಗುವಾಗ ಆಕ್ಸಿಜನ್ ಮಷೀನು ಓಡಲೇಬೇಕು. ಮಷೀನಿಗೆ ಬ್ಯಾಟರಿಗಳು, ಬ್ಯಾಟರಿಗಳಿಗೆ ಜನರೇಟರ್, ಅವನಿಗೆ ಗಾಲಿಕುರ್ಚಿ. ಒಂದರ ಬಾಲಕ್ಕೆ ಇನ್ನೊಂದು ಕಟ್ಟಿಕೊಂಡು ಬಂದು, ಗಾಡಿ ಬಸುರಿಯ ಹಾಗೆ ಹಿಂದಕ್ಕೆ ಜಗ್ಗುತ್ತಿತ್ತು.

ಏಳು ವರ್ಷದಿಂದ ಇಬ್ಬರಿಗೂ ಗಾಡಿಯೇ ಮನೆ. ಚಳಿಗಾಲಕ್ಕೆ ಅರಿಜೋನಾದ ಈ ಮರಳುಗಾಡು, ಬೇಸಿಗೆಗೆ ಉತ್ತರ. ಏಪ್ರಿಲ್ ಹದಿನೈದರೊಳಗೆ ಒರೆಗಾನಿನ ನದಿ ದಂಡೆಯ ಕ್ಯಾಂಪಿಗೆ ತಲುಪಿದರೆ ವರ್ಲಾಳಿಗೆ ಕಕ್ಕಸು ತೊಳೆಯುವ, ಕಸ ಎತ್ತುವ ಕೆಲಸ. ಅದಕ್ಕೆ ಬದಲಾಗಿ ಗಾಡಿ ನಿಲ್ಲಿಸುವ ಜಾಗ ಮತ್ತು ಕರೆಂಟು. ಕರೆಂಟು ಇದ್ದರೆ ಡೆಲ್ ಅವಳ ಜೊತೆ ಇರುತ್ತಾನೆ. ತಲುಪದಿದ್ದರೆ ಏನಾಗುತ್ತದೆ ಎನ್ನುವುದನ್ನು ಡಾಕ್ಟರು ಹೇಳಿಯೂ ಆಗಿತ್ತು. ವೃದ್ಧರ ಆರೈಕೆ ಕೇಂದ್ರದ ಅರ್ಜಿಯನ್ನು ಮೇಜಿನ ಮೇಲೆ ಅವಳತ್ತ ತಳ್ಳಿ, "ಅಲ್ಲಿ ಒಬ್ಬರಿಗೆ ಮಾತ್ರ ಜಾಗ ಅಮ್ಮಾ" ಎಂದಿದ್ದರು. ವರ್ಲಾ ಅದನ್ನು ಹರಿದು ಚೀಲಕ್ಕೆ ತುರುಕಿಕೊಂಡು ಬಂದಿದ್ದಳು.

ದಾರಿಯಲ್ಲಿ ಎರಡು ಘಟ್ಟ. ಭಾರ ಇಳಿಸದೆ ಹತ್ತುವುದು ಜೀವದ ಜೊತೆ ಜೂಜಾಡಿದ ಹಾಗೆ.

ಮಾರ್ಚಿನ ಕೊನೆಯ ವಾರ ಮರಳುಗಾಡಿನ ಈ ಕ್ಯಾಂಪಿನಲ್ಲಿ ಒಂದು ಪದ್ಧತಿಯಿದೆ. ನಲ್ಲಿಯ ಪಕ್ಕ ದೊಡ್ಡ ನೀಲಿ ಟಾರ್ಪಾಲು ಹಾಸುತ್ತಾರೆ. ಹೊರಡುವ ಮುಂಚೆ ಯಾರಿಗೆ ಏನು ಭಾರವೋ ಅದನ್ನು ಅದರ ಮೇಲೆ ತಂದಿಡಬೇಕು. ಬೇಕಾದವರು ಕೇಳದೆ ಒಯ್ಯಬಹುದು, ಥ್ಯಾಂಕ್ಸ್ ಕೂಡ ಹೇಳಬೇಕಾಗಿಲ್ಲ. ಆದರೆ ಒಮ್ಮೆ ಇಟ್ಟವರು ಅದನ್ನು ವಾಪಸ್ ಎತ್ತುವ ಹಾಗಿಲ್ಲ. ಎತ್ತಲು ಬಿಟ್ಟರೆ ಒಬ್ಬರ ಗಾಡಿಯೂ ಹಗುರಾಗುವುದಿಲ್ಲ ಎನ್ನುವುದು ಅವರೆಲ್ಲ ಪೆಟ್ಟು ತಿಂದು ಕಲಿತ ವಿಷಯ.

ಸಾಮಾನು ಆರಿಸಲು ಪಕ್ಕದ ಆರಿನ್ ಬಂದ. ಹಳೆಯ ಲಾರಿ ಡ್ರೈವರು, ಹದಿನಾಲ್ಕು ವರ್ಷದಿಂದ ಒಂಟಿಯಾಗಿ ಒಂದು ವ್ಯಾನಿನಲ್ಲಿ ಒಂದು ತಟ್ಟೆ, ಒಂದು ಚಮಚ ಇಟ್ಟುಕೊಂಡು ಬದುಕುತ್ತಿದ್ದವನು. ಕೈಯಲ್ಲಿ ತೂಗುವ ಸಣ್ಣ ಕೊಕ್ಕೆ ತಕ್ಕಡಿ ಹಿಡಿದು ಅಡುಗೆಮನೆಗೆ ನುಗ್ಗಿದ.

"ಇದೇನಿದು ವರ್ಲಾ, ಮೂರು ಕಬ್ಬಿಣದ ಬಾಣಲೆ? ಮನೇಲಿರೋದು ಎರಡು ಬಾಯಿ. ಮೂರನೇದು ಯಾರ ತಲೆಗೆ?"

"ನಿನ್ನ ತಲೆಗೇ ಎತ್ತಿಟ್ಟಿದ್ದೆ. ಇವತ್ತು ಕಾಲ ಕೂಡಿ ಬಂತು ನೋಡು."

"ಹೊಡಿ, ಆಮೇಲೆ ಟಾರ್ಪಾಲಿನ ಮೇಲೆ ಇಡು. ಹದಿನೆಂಟು ಪೌಂಡು."

ಬಾಣಲೆಗಳು ಹೋದವು. ಕ್ರಿಸ್‌ಮಸ್ ದೀಪಗಳ ಪೆಟ್ಟಿಗೆ, ಅವ್ವ ಹೊಲಿದ ಎರಡು ಕೌದಿ, ಪುಸ್ತಕ, ಹಿಮದ ಬೂಟು, ಬರಣಿಗಳು ಹೋದವು. ಹೊಲಿಗೆ ಮಷೀನನ್ನು ಮುಟ್ಟಿದಾಗ ಆರಿನ್ ಅವಳ ಮುಖ ನೋಡಿ ಕೈ ಹಿಂದಕ್ಕೆ ತೆಗೆದ. ವರ್ಲಾ ತಾನೇ ಎತ್ತಿಕೊಂಡು ಹೋಗಿ ಇಟ್ಟಳು. ಹತ್ತೇ ನಿಮಿಷದಲ್ಲಿ ಎದುರು ಸಾಲಿನ ಟ್ವೈಲಾ ಅದನ್ನು ಬಗಲಲ್ಲಿ ಅವುಚಿಕೊಂಡು ಹೋದದ್ದು ಕಿಟಕಿಯಿಂದ ಕಂಡಿತು. ಹೊಟ್ಟೆ ಉರಿಯಿತು. ಉರಿದರೆ ಏನು ಮಾಡುವುದು, ಪದ್ಧತಿ ಪದ್ಧತಿಯೇ.

ಸಂಜೆಗೆ ಎಲ್ಲ ಕೂಡಿಸಿದರೆ ನೂರ ಐವತ್ತು. ಇನ್ನೂ ನಾನೂರ ಹತ್ತು ಇಳಿಯಬೇಕು. ಗಾಡಿಯಲ್ಲಿ ಆಮೇಲೆ ಉಳಿದದ್ದು ಎರಡೇ ಭಾರ. ಡೆಲ್‌ನ ಉಸಿರಿನ ಸಾಮಾನು, ಡೆಲ್‌ನ ಟೂಲ್ಸು.

ಟೂಲ್ಸ್ ಎಂದರೆ ಗಾಡಿಯ ಹಿಂದಿನ ಸಾಮಾನಿನ ಅರೆಯ ತುಂಬ ನಾನೂರ ಮೂವತ್ತು ಪೌಂಡು ಕಬ್ಬಿಣ. ಬೋಲ್ಟು ತಿರುಗಿಸುವ ಪಾನಾಗಳು, ಜಾಕುಗಳು, ವೆಲ್ಡಿಂಗ್ ಮಷೀನು, ಕಂಪ್ರೆಸರ್. ನೆಬ್ರಾಸ್ಕಾದಲ್ಲಿ ಮೂವತ್ತೆಂಟು ವರ್ಷ ಗ್ಯಾರೇಜು ನಡೆಸಿದವನು ಅವನು. ಕ್ಯಾಂಪಿನಲ್ಲಿ ಯಾರ ಪಂಪು ನಿಂತರೂ, ಯಾರ ಗಾಡಿಯ ಮಡಚುವ ಮೆಟ್ಟಿಲು ಸಿಕ್ಕಿಕೊಂಡರೂ ಬರುತ್ತಿದ್ದದ್ದು ಅವನ ಬಾಗಿಲಿಗೇ. ಈ ಚಳಿಗಾಲ ಮಾತ್ರ ಕುರ್ಚಿಯಲ್ಲಿ ಕೂತು, "ಎಡಕ್ಕೆ ತಿರುಗಿಸೋ ಪೆದ್ದ, ನಿನ್ನ ಎಡಕ್ಕಲ್ಲ, ಬೋಲ್ಟಿನ ಎಡಕ್ಕೆ" ಎಂದು ಬೇರೆಯವರ ಕೈಯಲ್ಲಿ ಮಾಡಿಸುತ್ತಿದ್ದ. ಬೈಸಿಕೊಳ್ಳಲಿಕ್ಕೂ ಜನ ಖುಷಿಯಿಂದ ಬರುತ್ತಿದ್ದರು.

"ಡೆಲ್, ಇನ್ನು ಉಳಿದಿರೋದು ಅವೇ," ಎಂದಳು ವರ್ಲಾ, ಸೂಪು ಬಡಿಸುತ್ತ.

"ಗೊತ್ತು. ಕುರುಡನಾಗಿಲ್ಲ ಇನ್ನೂ."

"ನಾನು ನನ್ನ ಮಷೀನು ಕೊಟ್ಟೆ."

"ಅದು ನಿನ್ನ ಮಷೀನು. ಬಟ್ಟೆ ಹೊಲಿಯದೇ ಇದ್ರೂ ನೀನು ವರ್ಲಾನೇ. ಅವು ಹೋದ್ರೆ ನಾನ್ಯಾರು?"

ಅವನು ಉತ್ತರಕ್ಕೆ ಕಾಯಲಿಲ್ಲ. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದ.

ಬೆಳಿಗ್ಗೆ ಅವಳು ಮೊಟ್ಟೆ ಹುರಿಯುತ್ತಿದ್ದಾಗ ಹೊರಗೆ ದೊಡ್ಡ ನಗು ಕೇಳಿಸಿತು. ಬಾಗಿಲಿಗೆ ಬಂದು ನೋಡಿದರೆ ಡೆಲ್ ಟಾರ್ಪಾಲಿನ ನಟ್ಟನಡುವೆ ಗಾಲಿಕುರ್ಚಿಯಲ್ಲಿ ಕೂತಿದ್ದಾನೆ. ತೊಡೆಯ ಮೇಲೆ ಆಕ್ಸಿಜನ್ನಿನ ಸಣ್ಣ ಸಿಲಿಂಡರು, ಕೊರಳಲ್ಲಿ ರಟ್ಟಿನ ಬೋರ್ಡು: "ಬಿಟ್ಟಿ. ಓಡುತ್ತದೆ. ಸ್ವಲ್ಪ ಹೊಗೆ ಬಿಡುತ್ತದೆ."

"ಮೈಲೇಜು ಎಷ್ಟು ಕೊಡುತ್ತೆ?" ಎಂದಳು ಟ್ವೈಲಾ, ನಾಯಿಯನ್ನು ಎತ್ತಿಕೊಂಡು.

"ಹತ್ತು ಹೆಜ್ಜೆ. ಆಮೇಲೆ ತಳ್ಳಬೇಕು."

"ಅಯ್ಯೋ, ನನ್ನ ಹಳೇ ಗಂಡನೇ ವಾಸಿ, ಇಪ್ಪತ್ತು ಕೊಡ್ತಿದ್ದ!"

ವರ್ಲಾ ಕೂಡ ಬಿದ್ದು ಬಿದ್ದು ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕದ್ದು. ಕಣ್ಣೊರೆಸಿಕೊಳ್ಳುತ್ತ ಹತ್ತಿರ ಹೋಗಿ ಕುರ್ಚಿಯ ಹಿಡಿಗೆ ಕೈ ಹಾಕಿದಳು.

"ಸಾಕು ಬಾರೋ ಕೋತಿ, ಮೊಟ್ಟೆ ಆರ್ತಿದೆ."

ಡೆಲ್ ಚಕ್ರದ ಬ್ರೇಕು ಒತ್ತಿ ಹಿಡಿದ.

"ಕೈ ತೆಗಿ ವರ್ಲಾ. ಇಲ್ಲಿ ಇಟ್ಟಿದ್ದನ್ನ ವಾಪಸ್ ಒಯ್ಯೋ ಹಾಗಿಲ್ಲ."

"ತಮಾಷೆ ಮುಗೀತು ಡೆಲ್."

"ತಮಾಷೆ ಮಾಡ್ತಿಲ್ಲ. ಲೆಕ್ಕ ಹಾಕಿದೀನಿ. ನನ್ನ ಮಷೀನು, ಬ್ಯಾಟರಿ, ಜನರೇಟರ್, ಈ ಕುರ್ಚಿ, ಎಲ್ಲ ಸೇರಿ ನಾನೂರ ಇಪ್ಪತ್ತು. ಟೂಲ್ಸು ನಾನೂರ ಮೂವತ್ತು. ಎರಡರಲ್ಲಿ ಒಂದು ಹೋಗ್ಬೇಕು. ಟೂಲ್ಸು ಇನ್ನೂ ಕೆಲಸಕ್ಕೆ ಬರ್ತವೆ." ಮಧ್ಯೆ ನಿಂತು ಉಸಿರೆಳೆದುಕೊಂಡ. "ಆ ಡಾಕ್ಟರಿಗೆ ಫೋನ್ ಮಾಡು. ವ್ಯಾನ್ ಕಳಿಸ್ತಾರೆ. ನೀನು ಒರೆಗಾನಿಗೆ ಹೋಗು."

ಟ್ವೈಲಾ ನಾಯಿಯನ್ನು ನೆಲಕ್ಕಿಳಿಸಿದಳು. ವರ್ಲಾಳಿಗೆ ಮೈಯೆಲ್ಲ ಉರಿದುಹೋಯಿತು. ದುಃಖವಲ್ಲ, ಕೋಪ. ನಲವತ್ತಾರು ವರ್ಷ ಜೊತೆಗೆ ಬಾಳಿದವನು ಹತ್ತು ಜನರ ಮುಂದೆ, ಹಳೆಯ ಬಾಣಲೆಗಳ ಪಕ್ಕ ಕೂತು, ನನ್ನನ್ನು ಬಿಟ್ಟು ಹೋಗು ಎನ್ನುತ್ತಾನಲ್ಲ! ಅದಕ್ಕಿಂತ ಹೆಚ್ಚಾಗಿ ಅವಳನ್ನು ಕುದಿಸಿದ್ದು ಇನ್ನೊಂದು. ಅವನು ಹಾಗೆಂದ ಕ್ಷಣದಲ್ಲಿ ಅವಳ ಮನಸ್ಸು ಅವಳನ್ನು ಕೇಳದೆ ಲೆಕ್ಕ ಹಾಕಿಬಿಟ್ಟಿತ್ತು. ನಾನೂರ ಇಪ್ಪತ್ತು ಇಳಿದರೆ ಘಟ್ಟ ಹತ್ತುವುದು ಸಲೀಸು. ಆ ಲೆಕ್ಕ ಹಾಕಿದ್ದಕ್ಕೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕೆನ್ನಿಸಿತು.

"ಎರಡರಲ್ಲಿ ಒಂದು ತಾನೇ? ಸರಿ. ಇಡೋದು ನಾನು. ನಾನೇ ಆರಿಸ್ತೀನಿ."

ಗಾಡಿಯ ಹಿಂದಕ್ಕೆ ಹೋಗಿ ಅರೆಯ ಬಾಗಿಲನ್ನು ಕಿತ್ತು ಬರುವ ಹಾಗೆ ಎಳೆದಳು. ಮೊದಲನೆಯ ಡ್ರಾಯರನ್ನು ಹೊಟ್ಟೆಗೆ ಆನಿಸಿಕೊಂಡು ತಂದು ಅವನ ಕಾಲ ಬಳಿ ಧೊಪ್ಪೆಂದು ಹಾಕಿದಳು. ಪಾನಾಗಳು ಗಲಗಲ ಚೆಲ್ಲಿದವು. ಎರಡನೆಯದು. ಮೂರನೆಯದು. ಅರವತ್ತೊಂಬತ್ತರ ಹೆಂಗಸು, ಸೊಂಟ ಹಿಡಿದುಕೊಂಡಿತು, ಆದರೂ ನಿಲ್ಲಲಿಲ್ಲ. ಆರಿನ್ ಕೈ ಕೊಡಲು ಬಂದರೆ, "ಮುಟ್ಟಿದ್ರೆ ನೋಡು!" ಎಂದು ಗದರಿದಳು. ಕಂಪ್ರೆಸರ್ ಮಾತ್ರ ಅವಳಿಂದ ಎತ್ತಲಾಗದೆ ಮರಳಿನಲ್ಲಿ ಎಳೆದುಕೊಂಡು ಬಂದಳು. ಡೆಲ್ ನೋಡುತ್ತಿದ್ದ.

ಕೊನೆಗೆ ಒಂದು ಸಣ್ಣ ಚೀಲ ಉಳಿಯಿತು. "ಇದು ಇಪ್ಪತ್ತು ಪೌಂಡು. ಇದು ಇರಲಿ. ಇದನ್ನ ಇಟ್ಕೋ," ಎಂದಳು.

"ಬೇಡ. ಅದನ್ನೂ ಇಡು. ಅರ್ಧ ಮೆಕ್ಯಾನಿಕ್ ಆಗಿ ಏನ್ ಮಾಡ್ಲಿ?"

ಟಾರ್ಪಾಲಿನ ಸುತ್ತ ನಿಂತವರಲ್ಲಿ ಯಾರೂ ಮುಂದೆ ಬರಲಿಲ್ಲ. ಎಲ್ಲರ ಗಾಡಿಯಲ್ಲೂ ಅವನ ಕೈ ಆಡಿತ್ತು. ಕೊನೆಗೆ ಡೆಲ್‌ನೇ ಬಾಗಿ ಒಂದು ಉದ್ದನೆಯ ಪಾನಾ ಎತ್ತಿದ.

"ಆರಿನ್, ಬಾ ಇಲ್ಲಿ. ಇದು ನಿನಗೆ. ಬಿಗಿ ಮಾಡೋವಾಗ ಕತ್ತೆ ಥರ ತಿರುಗಿಸ್ತೀಯ, ಇದರಲ್ಲಿ ಕ್ಲಿಕ್ ಅನ್ನುತ್ತೆ, ಅಲ್ಲಿಗೆ ನಿಲ್ಲಿಸು. ಟ್ವೈಲಾ, ಈ ಇಕ್ಕಳ ತಗೋ. ನಿನ್ನ ನಲ್ಲಿ ಮತ್ತೆ ಸೋರುತ್ತೆ, ನನಗೆ ಗೊತ್ತು. ಮೇಲಿನ ತಿರುಪು ಮುಟ್ಬೇಡ, ಕೆಳಗಿಂದು."

ಒಬ್ಬೊಬ್ಬರನ್ನೇ ಕರೆದು ಕೊಟ್ಟ. ಪ್ರತಿಯೊಂದರ ಜೊತೆ ಒಂದು ಬುದ್ಧಿಮಾತು, ಒಂದು ಬೈಗುಳ. ಮಾತಿನ ನಡುನಡುವೆ ನಿಂತು ಉಸಿರೆಳೆದುಕೊಳ್ಳುತ್ತಿದ್ದ, ಆದರೂ ಮುಖದಲ್ಲಿ ಗ್ಯಾರೇಜಿನ ಕಾಲದ ಕಳೆಯಿತ್ತು. ಮಧ್ಯಾಹ್ನದ ಹೊತ್ತಿಗೆ ಟಾರ್ಪಾಲಿನ ಮೇಲೆ ಕುರ್ಚಿ, ಅದರಲ್ಲಿ ಡೆಲ್, ಎರಡೇ ಉಳಿದವು.

ವರ್ಲಾ ಹಿಡಿಗೆ ಕೈ ಹಾಕಿದಳು. ಈ ಸಲ ಅವನು ಬ್ರೇಕು ಒತ್ತಲಿಲ್ಲ. ಪದ್ಧತಿ ಮುರಿದದ್ದಕ್ಕೆ ಯಾರೂ ಆಕ್ಷೇಪ ಎತ್ತಲಿಲ್ಲ.

ಹೊರಡುವುದಕ್ಕೆ ಇನ್ನೂ ಮೂರು ದಿನವಿತ್ತು. ಆ ಮೂರು ದಿನವೂ ಅವರ ಬಾಗಿಲಿಗೆ ಯಾರೂ ಬರಲಿಲ್ಲ. ಪಂಪು ಕೆಟ್ಟವರು, ಬೋಲ್ಟು ಸಿಕ್ಕಿಕೊಂಡವರು ಆರಿನ್‌ನ ವ್ಯಾನಿಗೆ ಹೋಗುತ್ತಿದ್ದರು, ಆ ಉದ್ದನೆಯ ಪಾನಾ ಈಗ ಅಲ್ಲಿತ್ತಲ್ಲ. ಒಂದು ಸಲ ಆರಿನ್ ಏನನ್ನೋ ಕೇಳಲು ಅರ್ಧ ದಾರಿ ಬಂದು, ಡೆಲ್ ನಿದ್ದೆ ಮಾಡುತ್ತಿದ್ದಾನೆಂದುಕೊಂಡು ಹಿಂದಿರುಗಿದ. ಡೆಲ್ ಎಚ್ಚರವಾಗಿಯೇ ಇದ್ದ. ಕಣ್ಣು ಮುಚ್ಚಿಕೊಂಡದ್ದು ಆರಿನ್‌ನನ್ನು ಕಂಡಮೇಲೆ.

ಗಾಡಿ ಹಗುರಾಗಿ ಓಡಿತು. ಮೊದಲನೆಯ ಘಟ್ಟವನ್ನು ಉಸ್ಸೆನ್ನದೆ ಹತ್ತಿತು. ತಂಗಿದ ಕಡೆಯೆಲ್ಲ ಅವಳು ಟೈರು ಮುಟ್ಟಿ ನೋಡಿದಳು, ಕಾವು ಹಿತವಾಗಿತ್ತು. ಮಷೀನು ತಪ್ಪದೆ ಓಡಿತು, ಬೆಳಿಗ್ಗೆ ಅವನ ತುಟಿಯ ಬಣ್ಣ ಚೆನ್ನಾಗಿಯೇ ಇರುತ್ತಿತ್ತು. ಅವಳು ಬೇಡಿದ್ದೆಲ್ಲ ಆಗುತ್ತಿತ್ತು. ಮಾತು ಮಾತ್ರ ಇರಲಿಲ್ಲ.

ಎರಡನೆಯ ಘಟ್ಟ ಇಳಿಯುವಾಗ ಅಡಿಯಿಂದ ಕಟಕಟ ಸದ್ದು ಶುರುವಾಯಿತು. ಮೊದಲಾದರೆ ಅವಳು ಗಮನಿಸುವುದಕ್ಕೆ ಮುಂಚೆಯೇ ಅವನು ಕಿವಿ ನಿಮಿರಿಸಿ, ಯಾವ ಬೋಲ್ಟು, ಯಾವ ಪಟ್ಟಿ, ಎಷ್ಟು ಮೈಲಿ ತಡೆಯುತ್ತದೆ ಎಂದು ಹೇಳುತ್ತಿದ್ದ.

"ಡೆಲ್, ಅದೇನು ಸದ್ದು?"

"ಗೊತ್ತಿಲ್ಲ."

ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎನ್ನುವುದು ಅವಳಿಗೂ ಗೊತ್ತಿತ್ತು. ಕಟಕಟ ಎನ್ನುತ್ತಲೇ ಇಬ್ಬರೂ ಇಳಿಜಾರು ಮುಗಿಸಿದರು.

ಏಪ್ರಿಲ್ ಹದಿಮೂರಕ್ಕೆ ನದಿ ದಂಡೆಯ ಕ್ಯಾಂಪು ಸೇರಿದರು. ಎರಡು ದಿನ ಮುಂಚೆಯೇ. ಗೇಟಿನ ಹತ್ತಿರ ರೇನ್‌ಕೋಟು ಹಾಕಿಕೊಂಡ ಹುಡುಗಿಯೊಬ್ಬಳು ಫಾರಂ ಹಿಡಿದು ಕಿಟಕಿಯ ಕೆಳಗೆ ಬಂದು ನಿಂತಳು. ಒಳ್ಳೆಯ ಹುಡುಗಿ, ನಗುನಗುತ್ತ ಹೆಸರು ಕೇಳಿದಳು, ಗಾಡಿಯ ಉದ್ದ ಕೇಳಿದಳು, ಎಂಟನೇ ನಂಬರಿನ ಜಾಗದಲ್ಲಿ ಕರೆಂಟು ಚೆನ್ನಾಗಿದೆ ಎಂದಳು.

"ಎಷ್ಟು ಜನ ಇರ್ತೀರಿ ಆಂಟಿ?"

ವರ್ಲಾ ಬಾಯಿ ತೆರೆಯುವ ಮುಂಚೆ ಪಕ್ಕದ ಸೀಟಿನಿಂದ, ಹೊರಟ ಮೇಲೆ ಮೊದಲ ಸಲ ತಾನಾಗಿ, ಡೆಲ್ ಮಾತಾಡಿದ.

"ಒಬ್ಬಳು. ಜೊತೆಗೆ ಸ್ವಲ್ಪ ಸಾಮಾನು."

ಹುಡುಗಿ ನಕ್ಕಳು, ಅಜ್ಜ ತಮಾಷೆ ಮಾಡುತ್ತಿದ್ದಾನೆಂದುಕೊಂಡು.

"ಇಬ್ಬರು! ಇಬ್ಬರು ಅಂತ ಬರ್ಕೋ!" ಎಂದು ವರ್ಲಾ ಕಿರುಚಿದಳು. ಹುಡುಗಿ ಬೆಚ್ಚಿಬಿದ್ದು ಹಾಗೆಯೇ ಬರೆದುಕೊಂಡು, ಗೇಟು ಎತ್ತಿ, ಪಕ್ಕಕ್ಕೆ ಸರಿದು ನಿಂತಳು. ಡೆಲ್ ಆಗಲೇ ತನ್ನ ಕಡೆಯ ಕಿಟಕಿಗೆ ತಿರುಗಿದ್ದ, ಮತ್ತೆ ಇತ್ತ ತಿರುಗಲಿಲ್ಲ.